ಗಾಯ ಮಾಡಿಕೊಳ್ಳುವ ಹದಿಹರೆಯದವರು: ಇದು ವ್ಯಕ್ತಿತ್ವದ ತೊಂದರೆಯಾ?

ಪ್ರಶ್ನೆ (ಪಿಯು ಉಪನ್ಯಾಸಕಿ, ಹಾಸನ): ಹದಿನಾರರ ಹುಡುಗಿ ತನಗೆ ತಾನೇ ಗಾಯ ಮಾಡಿಕೊಂಡರೆ ಅದು ‘ಬಾರ್ಡರ್‌ಲೈನ್’ ವ್ಯಕ್ತಿತ್ವವೇ (ಭಾವನೆ, ಸಂಬಂಧಗಳು ಸ್ಥಿರವಾಗಿ ನಿಲ್ಲದ ವ್ಯಕ್ತಿತ್ವದ ತೊಂದರೆ)? ಮೊದಲು ಏನು ಮಾಡಬೇಕು?

ಉತ್ತರ 1: ಮೇಡಂ, ಗಾಯ ಕಂಡ ಮಾತ್ರಕ್ಕೆ ಆ ಹಣೆಪಟ್ಟಿ ಹಚ್ಚಬೇಡಿ. ಡಿಎಸ್‌ಎಂ-5 (ಮಾನಸಿಕ ಕಾಯಿಲೆ ಗುರುತಿಸುವ ಅಮೆರಿಕದ ಕೈಪಿಡಿ) ಪ್ರಕಾರ ಅದರ 9 ಲಕ್ಷಣಗಳಲ್ಲಿ ಕನಿಷ್ಠ 5 ಇರಬೇಕು. 18 ತುಂಬದವರಲ್ಲಿ ಅವು 1 ವರ್ಷವಾದರೂ ಉಳಿದಿರಬೇಕು. ಎಷ್ಟೋ ಮಕ್ಕಳಲ್ಲಿ ಇದರ ಬೇರು ಖಿನ್ನತೆ, ಆತಂಕ, ಕಿರುಕುಳ. ಉಕ್ಕುವ ಸಂಕಟವನ್ನು ಹೆಸರಿಟ್ಟು ಹೇಳಲು ಬಾರದು, ಆಮೇಲೆ ನಾಚಿಕೆ ಅದನ್ನು ಇನ್ನಷ್ಟು ಮುಚ್ಚಿಡಿಸುತ್ತದೆ. ‘ನಾಟಕ’ ಅಂದರಂತೂ ಮಗು ಬಾಯಿಯೇ ಬಿಡುವುದಿಲ್ಲ.

ಉತ್ತರ 2: ಒಬ್ಬಳೇ ಇದ್ದಾಗ, ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಅದು ಹುಟ್ಟುವುದಿಲ್ಲ. ಬರುತ್ತೆ ಅಂದರೆ ಒಂಟಿ ಬಿಡದೆ ಅಂದೇ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ಗೆ ಕರೆದೊಯ್ಯಿರಿ. ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡಿ, ಉಳಿಸಿಕೊಳ್ಳಲಾಗದು. ಮನೆಯವರು ಮಾತ್ರೆ, ತೋಟಕ್ಕೆ ಹೊಡೆಯುವ ಔಷಧಿ ಎಲ್ಲ ಬೀಗದೊಳಗಿಡಲಿ.

ಉತ್ತರ 3: ಚಿಕಿತ್ಸೆಯಲ್ಲಿ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ ಎಂಬ ಮಾತಿನ ಚಿಕಿತ್ಸೆ) ಬಗ್ಗೆ ವಿಚಾರಿಸಿ, ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನ್‌ಹನ್ ರೂಪಿಸಿದ್ದು. ಭಾವನೆ ಹತೋಟಿ, ಸಂಕಟ ಸಹಿಸುವ ಕೌಶಲ ಕಲಿಸುತ್ತಾರೆ. ಹದಿಹರೆಯದವರ ಜೊತೆ ಅಪ್ಪ ಅಮ್ಮನೂ ಕಲಿಯುತ್ತಾರೆ. ಮನೆಯ ಬೈಗುಳ ನಿಲ್ಲದಿದ್ದರೆ ಕಲಿತದ್ದು ನಿಲ್ಲುವುದು ಕಷ್ಟ. ರಾತ್ರಿ ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416: ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು.