ಪುನುಗಿನ ಉಂಗುರ ಮುಚ್ಚುತ್ತಿಲ್ಲ, ಮಳೆಯ ಕಾಟವೇ?

ತುಂಗಾತೀರ:
ನಮಸ್ಕಾರ. ಶಿವಮೊಗ್ಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಸಿವೆಟೋನ್ ಕಟ್ಟಲು ಹೊರಟಿದ್ದೇನೆ. ನಮ್ಮ ಪುನುಗು ಬೆಕ್ಕಿನ ಪರಿಮಳದ್ದೇ ಅಣು, 17 ಇಂಗಾಲದ ಉಂಗುರ. ಎರಡೂ ತುದಿಯಲ್ಲಿ ಜೋಡಿಬಂಧ ಇರುವ ಉದ್ದನೆಯ ಕೀಟೋನಿನ ತುದಿಗಳನ್ನು ಬೆಸೆದು ಉಂಗುರ ಮಾಡಬೇಕು, ಎಥಿಲೀನ್ ಹೊರಬೀಳುತ್ತದೆ. ಹಾಕಿದ್ದು: ಕೀಟೋನ್ 280 ಮಿಲಿಗ್ರಾಂ, ದ್ರಾವಕ ಟಾಲೀನ್ 10 ಮಿಲೀ, ಗ್ರಬ್ಸ್ ಎರಡನೇ ತಲೆಮಾರಿನ (ರುಥೇನಿಯಂ) ಕ್ಯಾಟಲಿಸ್ಟ್ 5 ಮೋಲ್ ಪರ್ಸೆಂಟ್, 80 ಡಿಗ್ರಿ, ಒಂದು ರಾತ್ರಿ. ಬೆಳಿಗ್ಗೆ ನೋಡಿದರೆ ಬರೀ ಅಂಟು. ಟಿಎಲ್‌ಸಿಯಲ್ಲಿ (ಮಿಶ್ರಣ ಬೇರ್ಪಡಿಸಿ ನೋಡುವ ತೆಳು ಪದರ) ಬುಡ ಬಿಟ್ಟು ಏಳುತ್ತಲೇ ಇಲ್ಲ. ಸಿಕ್ಕ ಚೂರಿನಲ್ಲಿ ಜಿಸಿ-ಎಂಎಸ್ (ಅಣುತೂಕ ತೋರಿಸುವ ಯಂತ್ರ) ಸಿವೆಟೋನಿನ ತೂಕ 250ರ ಜೊತೆ 236 ಕೂಡ ತೋರಿಸುತ್ತಿದೆ. 250ರದ್ದೂ ಜಾಸ್ತಿ ಟ್ರಾನ್ಸ್ (ಜೋಡಿಬಂಧದ ಎರಡು ಕಡೆಯ ಸರಪಳಿ ಎದುರುಬದಿರು). ನನಗೆ ಬೇಕಾದ್ದು ಸಿಸ್ (ಎರಡೂ ಒಂದೇ ಬದಿ). ಹದಿನೈದು ದಿನದಿಂದ ಮಳೆ ಬಿಟ್ಟಿಲ್ಲ. ತೇವ ಹೊಡೆದಿರಬಹುದಾ?

ಹಳೇಫ್ಲಾಸ್ಕ್:
ಮಳೆಯನ್ನು ಸುಮ್ನೆ ಬೈಯಬೇಡಿ ಮಾರಾಯ್ರೆ. ರುಥೇನಿಯಂ ಅಷ್ಟಕ್ಕೆಲ್ಲ ಸಾಯುವುದಿಲ್ಲ. ನಿಮ್ಮ ದ್ರಾವಣ 0.1 ಮೋಲಾರ್ ಆಯ್ತು, ಗಂಜಿಯ ಹಾಗೆ. ಅಣುವಿಗೆ ತನ್ನ ಬಾಲ ಸಿಗುವ ಮೊದಲೇ ಪಕ್ಕದ ಅಣುವಿನ ಬಾಲ ಸಿಗುತ್ತದೆ. ಉದ್ದ ಸರಪಳಿ ಆಗದೆ ಇನ್ನೇನಾಗುತ್ತದೆ? ಅಷ್ಟೇ ಕೀಟೋನಿಗೆ 250 ಮಿಲೀ ಟಾಲೀನ್ ತಗೊಳ್ಳಿ. ಸಿರಿಂಜ್ ಪಂಪಿನಲ್ಲಿ ನಿಧಾನಕ್ಕೆ ಬಿಡಿ. ಆರ್ಗಾನ್ ಗುಳ್ಳೆ ಹಾಯಿಸಿ ಎಥಿಲೀನ್ ಹೊರಗೆ ಓಡಿಸಿ.

236ರ ಕಥೆ ಬೇರೆ. 14 ಕಮ್ಮಿ ಅಂದರೆ ಒಂದು ಇಂಗಾಲ, ಎರಡು ಹೈಡ್ರೋಜನ್ ಹೋಗಿದೆ. ಬಿಸಿಗೆ ಕ್ಯಾಟಲಿಸ್ಟ್ ಕೆಟ್ಟು ರುಥೇನಿಯಂ ಹೈಡ್ರೈಡ್ ಆಗುತ್ತದೆ. ಅದು ತುದಿಯ ಜೋಡಿಬಂಧವನ್ನು ಒಂದು ಹೆಜ್ಜೆ ಒಳಗೆ ಸರಿಸುತ್ತದೆ. ಆಮೇಲೆ ಮುಚ್ಚಿದರೆ 16ರ ಉಂಗುರ. ಆ ಹೈಡ್ರೈಡನ್ನು ತಡೆಯಲು 1,4-ಬೆಂಜೊಕ್ವಿನೋನ್ 10 ಮೋಲ್ ಪರ್ಸೆಂಟ್ ಹಾಕಿ, 50 ಡಿಗ್ರಿ ಸಾಕು.

ಕಾಫಿಕಾಲಮ್:
ಟ್ರಾನ್ಸ್ ಬಗ್ಗೆ: ಈ ಕ್ಯಾಟಲಿಸ್ಟಿಗೆ ಸಿಸ್ ಮೇಲೆ ಪ್ರೀತಿ ಇಲ್ಲ. ಹೊತ್ತು ಕಳೆದಂತೆ ಗಟ್ಟಿಯಾಗಿ ನಿಲ್ಲುವ ಟ್ರಾನ್ಸ್ ಕಡೆಗೇ ವಾಲುತ್ತದೆ. ಸಿಸ್ಸೇ ಬೇಕು ಅಂತ ಮಾಡಿದ ರುಥೇನಿಯಂ ಕ್ಯಾಟಲಿಸ್ಟ್‌ಗಳಿವೆ, ದುಬಾರಿ. ಇನ್ನೊಂದು ದಾರಿ, 1998ರಲ್ಲಿ ಫ್ಯೂರ್ಸ್ಟ್ನರ್ ತಂಡ ತೋರಿಸಿದ್ದು: ಜೋಡಿಬಂಧದ ಬದಲು ಎರಡು ತುದಿಗೂ ಮೀಥೈಲ್ ಟೋಪಿಯ ತ್ರಿಬಂಧ ಇಟ್ಟು ಉಂಗುರ ಮುಚ್ಚಿ, ಲಿಂಡ್ಲಾರ್ ಪಲೇಡಿಯಂನಲ್ಲಿ (ಚುರುಕು ಕುಗ್ಗಿಸಿದ ಕ್ಯಾಟಲಿಸ್ಟ್) ತ್ರಿಬಂಧ ಜೋಡಿಬಂಧ ಆಗುವಷ್ಟೇ ಹೈಡ್ರೋಜನ್ ಕೊಡುವುದು. ಸಿಸ್ಸೇ ಬರುತ್ತದೆ. ಆದರೆ ಆ ಉಂಗುರ ಮುಚ್ಚಲು ಬಳಸುವ ಮಾಲಿಬ್ಡಿನಂ ಕ್ಯಾಟಲಿಸ್ಟಿಗೆ ತೇವ ಅಂದರೆ ಆಗದು.

ತುಂಗಾತೀರ:
ಥ್ಯಾಂಕ್ಸ್ ಸರ್. 250 ಮಿಲೀಯಲ್ಲಿ, ಕ್ವಿನೋನ್ ಹಾಕಿ 50 ಡಿಗ್ರಿಯಲ್ಲಿ ಮಾಡಿದೆ. ಅಂಟು ಇಲ್ಲ, 236 ಮಾಯ! ಎನ್‌ಎಂಆರ್‌ನಲ್ಲಿ ಜೋಡಿಬಂಧದ ಪಕ್ಕದ ಇಂಗಾಲ 32 ಪಿಪಿಎಂಗೆ ದೊಡ್ಡದು, 27ಕ್ಕೆ ಚಿಕ್ಕದು. ಟ್ರಾನ್ಸೇ ಜಾಸ್ತಿ ಅಲ್ವಾ?

ಕಾಫಿಕಾಲಮ್:
ಹೌದು. 27 ಸಿಸ್‌ನದು.

ತುಂಗಾತೀರ:
ಹಾಗಾದರೆ ತ್ರಿಬಂಧದ ದಾರಿ. ಈಗಂತೂ ಮಳೆಯನ್ನು ಬೈಯಬಹುದಲ್ಲ? ಗ್ಲೋವ್‌ಬಾಕ್ಸ್ (ತೇವ, ಗಾಳಿ ತಾಗದ ಪೆಟ್ಟಿಗೆ) ನಮ್ಮಲ್ಲಿಲ್ಲ. ಮಳೆ ನಿಲ್ಲುವವರೆಗೆ ಡೈಆಲ್ಕೈನ್ (ಎರಡು ತ್ರಿಬಂಧದ ಕೀಟೋನ್) ಮಾಡಿಟ್ಟುಕೊಳ್ಳುತ್ತೇನೆ.