ಓಎಸ್/2 ಸೋತದ್ದು ಮಾರಾಟದಲ್ಲೋ, ವಿನ್ಯಾಸದಲ್ಲೋ?

ಪ್ರಶ್ನೆ

1992ರ ಏಪ್ರಿಲ್‌ನಲ್ಲಿ ಐಬಿಎಂ ಬಿಡುಗಡೆ ಮಾಡಿದ ಓಎಸ್/2 2.0 ಎಂಬ ಆಪರೇಟಿಂಗ್ ಸಿಸ್ಟಂ ಕುರಿತು ಓದುತ್ತಿದ್ದೇನೆ. ಆಗಿನ ವಿಂಡೋಸ್ 3.1 ಹಳೆಯ ಸಿಸ್ಟಂ ಆದ ಡಾಸ್‌ನ ಮೇಲೆ ಕುಳಿತಿತ್ತು. ಒಂದು ಪ್ರೋಗ್ರಾಂ ತಾನಾಗಿ ಪ್ರೊಸೆಸರನ್ನು ಬಿಟ್ಟುಕೊಡುವವರೆಗೆ ಇನ್ನೊಂದು ಕಾಯಬೇಕಿತ್ತು. ಓಎಸ್/2ರಲ್ಲಿ ಪ್ರೊಸೆಸರಿನ ಸಮಯವನ್ನು ಸಿಸ್ಟಂ ತಾನೇ ಹಂಚುತ್ತಿತ್ತು, ಒಂದು ಪ್ರೋಗ್ರಾಂ ಇನ್ನೊಂದರ ಮೆಮೊರಿಗೆ ಕೈಹಾಕದಂತೆ ತಡೆಯಿತ್ತು, ಅದರ ಕಡತ ವ್ಯವಸ್ಥೆಯಾದ ಎಚ್‌ಪಿಎಫ್‌ಎಸ್‌ನಲ್ಲಿ ಕಡತದ ಹೆಸರು 254 ಅಕ್ಷರಗಳವರೆಗೆ ಇರಬಹುದಿತ್ತು. ಇಷ್ಟಿದ್ದೂ ಅದು ಮೂಲೆಗುಂಪಾದದ್ದು ಮೈಕ್ರೋಸಾಫ್ಟಿನ ಮಾರಾಟ ಚಾತುರ್ಯದಿಂದ ಮಾತ್ರವೇ?

ಉತ್ತರ 1

ಹೋಲಿಕೆಯನ್ನು 1992ರಿಂದ ಆರಂಭಿಸಿದರೆ ಹಾಗೆ ಕಾಣುತ್ತದೆ. ಆದರೆ ಪೆಟ್ಟು ಬಿದ್ದದ್ದು ಅದಕ್ಕೂ ಮೊದಲೇ. 1985ರ ಒಪ್ಪಂದದಂತೆ ಐಬಿಎಂ ಮತ್ತು ಮೈಕ್ರೋಸಾಫ್ಟ್ ಜೊತೆಯಾಗಿ ಬರೆದ ಓಎಸ್/2 1.0 ಹೊರಬಂದದ್ದು 1987ರ ಡಿಸೆಂಬರ್‌ನಲ್ಲಿ. ಆ ಹೊತ್ತಿಗೆ 80386 ಪ್ರೊಸೆಸರ್ ಮಾರುಕಟ್ಟೆಯಲ್ಲಿತ್ತು. ಆದರೆ ಅದಕ್ಕೂ ಹಿಂದಿನ 80286 ಪ್ರೊಸೆಸರಿನ ಯಂತ್ರಗಳನ್ನು ಕೊಂಡಿದ್ದ ಗ್ರಾಹಕರಿಗೆ ಮಾತು ಕೊಟ್ಟಿದ್ದ ಐಬಿಎಂ, ಹೊಸ ಸಿಸ್ಟಂ 286ರ ಮೇಲೆಯೇ ಓಡಬೇಕೆಂದು ಪಟ್ಟು ಹಿಡಿಯಿತು. ಆ ಚಿಪ್ಪನ್ನು ಮೆಮೊರಿ ರಕ್ಷಣೆಯಿರುವ ಹೊಸ ಸ್ಥಿತಿಗೆ ಒಯ್ಯುವುದು ಸುಲಭ, ಡಾಸ್ ಬಯಸುವ ಹಳೆಯ ಸ್ಥಿತಿಗೆ ಮರಳಿಸಲು ಅದರಲ್ಲಿ ಆದೇಶವೇ ಇಲ್ಲ. ಮರಳಬೇಕಾದರೆ ಪ್ರೊಸೆಸರನ್ನೇ ರೀಸೆಟ್ ಮಾಡಬೇಕು. ಐಬಿಎಂ ಎಟಿ ಯಂತ್ರದಲ್ಲಿ ಆ ಕೆಲಸಕ್ಕೆಂದು ಇದ್ದದ್ದು, ನಂಬಿದರೆ ನಂಬಿ, ಕೀಬೋರ್ಡ್ ನಿಯಂತ್ರಿಸುವ ಚಿಪ್. ಹೀಗಾಗಿ ಒಂದು ಸಲಕ್ಕೆ ಒಂದೇ ಡಾಸ್ ಪ್ರೋಗ್ರಾಂ, ಅದೂ ಪರದೆಯ ಮುಂದಿದ್ದಾಗ ಮಾತ್ರ. 1990ರ ಮೇ ತಿಂಗಳಲ್ಲಿ ಬಂದ ವಿಂಡೋಸ್ 3.0, 386 ಯಂತ್ರವೊಂದಿದ್ದರೆ ಹಲವು ಡಾಸ್ ಪ್ರೋಗ್ರಾಂಗಳನ್ನು ಒಟ್ಟಿಗೆ ನಡೆಸಿ ತೋರಿಸಿತು. ಓಎಸ್/2 ಆ ಮಟ್ಟಕ್ಕೆ ಬರಲು ಇನ್ನೆರಡು ವರ್ಷ ಬೇಕಾಯಿತು.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ 2.0ರ ವಿನ್ಯಾಸವೂ ಅದರ ಅಭಿಮಾನಿಗಳು ಹೇಳುವಷ್ಟು ನಿರ್ದೋಷವಾಗಿರಲಿಲ್ಲ. ಮೌಸ್ ಮತ್ತು ಕೀಬೋರ್ಡಿನಿಂದ ಬಂದದ್ದೆಲ್ಲ ಒಂದೇ ಸರತಿಯಲ್ಲಿ ನಿಲ್ಲುತ್ತಿತ್ತು. ಯಾವುದೋ ಒಂದು ಪ್ರೋಗ್ರಾಂ ತನ್ನ ಪಾಲಿನ ಕ್ಲಿಕ್ಕನ್ನು ಎತ್ತಿಕೊಳ್ಳದೆ ಹಟ ಹಿಡಿದರೆ, ಒಳಗೆ ಉಳಿದವೆಲ್ಲ ಸರಿಯಾಗಿ ಓಡುತ್ತಿದ್ದರೂ ಬಳಕೆದಾರನ ಪಾಲಿಗೆ ಇಡೀ ಪರದೆಯೇ ಮರಗಟ್ಟಿದಂತೆ. ಮೆಮೊರಿ ರಕ್ಷಣೆ ಇದ್ದೂ ಆತ ಕೊನೆಗೆ ಯಂತ್ರವನ್ನು ಆರಿಸಿ ಹಚ್ಚುವುದಾದರೆ ಆ ರಕ್ಷಣೆಯಿಂದ ಅವನಿಗೇನು ಪ್ರಯೋಜನ?

ಇನ್ನೊಂದು, ಓಎಸ್/2 ವಿಂಡೋಸ್ ಪ್ರೋಗ್ರಾಂಗಳನ್ನೂ ಓಡಿಸುತ್ತಿತ್ತು, ಮತ್ತು ಐಬಿಎಂ ಅದನ್ನೇ ದೊಡ್ಡದಾಗಿ ಸಾರಿತು. ತಂತ್ರಾಂಶ ಬರೆಯುವವರು ಸಹಜವಾಗಿಯೇ ವಿಂಡೋಸಿಗೆ ಒಮ್ಮೆ ಬರೆದು ಎರಡೂ ಕಡೆ ಮಾರಿದರು. ಓಎಸ್/2ಗೆಂದೇ ಬರೆದ ತಂತ್ರಾಂಶ ವಿರಳವಾಗಿಯೇ ಉಳಿಯಿತು. ನನ್ನ ಅಭಿಪ್ರಾಯದಲ್ಲಿ 286 ಬೇಕೆಂಬ ಐಬಿಎಂನ ಹಟಕ್ಕಿಂತಲೂ ಹೆಚ್ಚಿನ ಹಾನಿ ಮಾಡಿದ್ದು ಈ ಸೌಕರ್ಯ.

ಉತ್ತರ 3

ಮಾರಾಟದ ಕಡೆಯನ್ನು ಅಷ್ಟು ಬೇಗ ಕೈಬಿಡಬೇಡಿ. ಮೈಕ್ರೋಸಾಫ್ಟಿನ ವಿರುದ್ಧ ಅಮೆರಿಕ ಸರ್ಕಾರ ಹೂಡಿದ ಏಕಸ್ವಾಮ್ಯದ ಮೊಕದ್ದಮೆಯಲ್ಲಿ ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ 1999ರಲ್ಲಿ ದಾಖಲಿಸಿದಂತೆ, ತನ್ನ ಪಿಸಿಗಳಲ್ಲಿ ವಿಂಡೋಸ್ 95 ಹಾಕಿ ಮಾರಲು ಐಬಿಎಂಗೆ ಪರವಾನಗಿ ಸಿಕ್ಕಿದ್ದು 1995ರ ಆಗಸ್ಟ್ 24ರಂದು, ಬಿಡುಗಡೆ ಸಮಾರಂಭಕ್ಕೆ ಕೇವಲ 15 ನಿಮಿಷ ಇರುವಾಗ. ಓಎಸ್/2 ಮಾರುವವರೇ ಪಿಸಿ ಮಾರಾಟಕ್ಕೆ ವಿಂಡೋಸನ್ನು ನೆಚ್ಚಿಕೊಂಡಿದ್ದರು. ಆ ಇಕ್ಕಟ್ಟನ್ನು ಮೈಕ್ರೋಸಾಫ್ಟ್ ಚೆನ್ನಾಗಿ ಅರಿತಿತ್ತು.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಹಾಗಾದರೆ ಐಬಿಎಂ ಜೊತೆಗಿನ ಜಂಟಿ ಕೆಲಸ ಮುರಿದ ಮೇಲೆ ಮೈಕ್ರೋಸಾಫ್ಟಿನ ಬಳಿಯಿದ್ದ ಓಎಸ್/2ರ ಪಾಲು ಏನಾಯಿತು?

ಉತ್ತರ 1

ಅದು ಈಗಲೂ ಬಳಕೆಯಲ್ಲಿದೆ, ಬೇರೆ ಹೆಸರಿನಲ್ಲಿ. ಡಿಇಸಿ ಎಂಬ ಕಂಪ್ಯೂಟರ್ ಕಂಪನಿಯಲ್ಲಿ ವಿಎಂಎಸ್ ಎಂಬ ಆಪರೇಟಿಂಗ್ ಸಿಸ್ಟಂ ಕಟ್ಟಿದವರಲ್ಲಿ ಪ್ರಮುಖರಾದ ಡೇವ್ ಕಟ್ಲರ್ ಅವರನ್ನು ಮೈಕ್ರೋಸಾಫ್ಟ್ 1988ರಲ್ಲಿ ಕರೆಸಿಕೊಂಡು ಆರಂಭಿಸಿದ ಯೋಜನೆಯ ಮೊದಲ ಹೆಸರು ‘ಎನ್‌ಟಿ ಓಎಸ್/2’. ವಿಂಡೋಸ್ 3.0 ಗೆದ್ದಮೇಲೆ ಅದರ ಮುಖವನ್ನು ವಿಂಡೋಸ್ ಕಡೆಗೆ ತಿರುಗಿಸಿ, 1993ರ ಜುಲೈನಲ್ಲಿ ವಿಂಡೋಸ್ ಎನ್‌ಟಿ 3.1 ಎಂದು ಹೊರತಂದರು. ಇಂದಿನ ವಿಂಡೋಸ್ ಅದೇ ವಂಶದ್ದು. ಹಳೆಯ ನಂಟಿನ ಗುರುತಾಗಿ, ಓಎಸ್/2 1.x ಕಾಲದ ಅಕ್ಷರಪರದೆಯ ಪ್ರೋಗ್ರಾಂಗಳನ್ನು ಓಡಿಸುವ ಭಾಗವೊಂದು ವಿಂಡೋಸ್ 2000ದವರೆಗೂ ಅದರೊಳಗೆ ಇತ್ತು.