ಗೋಡೆ ಮೇಲಿನ ಗರಗಸ ಮೀನು, ಗೋಡೆಯೊಳಗಿನ ಮಡಿವಾಳ ಹಕ್ಕಿ

ಗಂಗೊಳ್ಳಿ ಅಮ್ಮ:
ಮಾವ ಬಲೆಗೆ ಹೋಗುತ್ತಿದ್ದ ಕಾಲದ ಗರಗಸ ಮೀನಿನ ಮೂತಿ ನಮ್ಮನೆ ಜಗಲಿ ಗೋಡೆ ಮೇಲಿದೆ. ನನ್ನ ತೋಳಿಗಿಂತ ಉದ್ದ, ಎರಡೂ ಅಂಚಿಗೆ ಹಲ್ಲು. ಅದೇ ಗೋಡೆಯ ತೂತಲ್ಲಿ ಈ ಸಲ ಮಡಿವಾಳ ಹಕ್ಕಿ ಗೂಡು ಮಾಡಿದೆ, ನಾಲ್ಕು ಮೊಟ್ಟೆ. ನಸುಕಿಗೇ ಗಂಡು ಹಕ್ಕಿ ಬಾಲ ಎತ್ತಿಕೊಂಡು ಹಾಡಲು ಶುರು. ಮಗಳು ಕೇಳಿದಳು: ಹಕ್ಕಿ ದಿನಾ ಕಾಣುತ್ತೆ, ಆ ಮೀನು ಯಾಕೆ ಒಂದೂ ಕಾಣಲ್ಲ? ಅದು ಶಾರ್ಕಾ, ತೊರಕೆಯಾ? ನನಗೆ ಹೇಳಲು ಬರಲಿಲ್ಲ.

ದೋಣಿಮನೆ:
ತೊರಕೆ (ಚಪ್ಪಟೆ ಮೈಯ ರೇ ಮೀನು) ಜಾತಿ ಅಕ್ಕ. ಕಿವಿರಿನ ಸೀಳು ಶಾರ್ಕಿಗೆ ಪಕ್ಕದಲ್ಲಿ, ತೊರಕೆಗೆ ಹೊಟ್ಟೆಯಡಿ. ಗರಗಸ ಮೀನಿಗೂ ಅಡಿಯಲ್ಲೇ. ಜೀವಿಗಳಿಗೆ ಎರಡು ಪದದ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಕೂಡ 1758ರ ತನ್ನ ಪುಸ್ತಕದಲ್ಲಿ ಅದನ್ನು ಶಾರ್ಕುಗಳ ಜೊತೆ ಸೇರಿಸಿ ಸ್ಕ್ವಾಲಸ್ ಪ್ರಿಸ್ಟಿಸ್ ಅಂದಿದ್ದ. ಈಗ ಪ್ರಿಸ್ಟಿಸ್ ಪ್ರಿಸ್ಟಿಸ್. ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟು ಎಂದು ಹೇಳುವ ಐಯುಸಿಎನ್ ಕೆಂಪು ಪಟ್ಟಿಯಲ್ಲಿ 'ತೀವ್ರ ಅಪಾಯದಲ್ಲಿರುವ' ಜೀವಿ. ಆ ಮೂತಿಯೇ ಅದಕ್ಕೆ ಶತ್ರು: ಯಾವ ಬಲೆ ತಾಗಿದರೂ ಹಲ್ಲು ಸಿಕ್ಕಿಕೊಳ್ಳುತ್ತೆ, ಮತ್ತೆ ಬಿಡಿಸಿಕೊಳ್ಳಲಾಗಲ್ಲ. ಮರಿ ಹಾಕುವುದೂ ಕೆಲವೇ. 2001ರಿಂದ ವನ್ಯಜೀವಿ ಕಾಯ್ದೆಯ ಒಂದನೇ ಪರಿಚ್ಛೇದದಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ. ಮನೆಯಲ್ಲಿರುವುದನ್ನು ಯಾರಿಗೂ ಮಾರಬೇಡಿ.
ಹಲ್ಲು ಮೂತಿಯ ಬುಡದ ತನಕ ಇದೆಯಾ ನೋಡಿ. ಬುಡದ ಕಾಲು ಭಾಗ ಬೋಳಾಗಿದ್ದರೆ ಅದು ಬೇರೆ ಜಾತಿ.

ಹಕ್ಕಿ ನೋಡುವವ:
ಲಿನೇಯಸ್ ಅದೇ ಪುಸ್ತಕದಲ್ಲಿ ಮಡಿವಾಳ ಹಕ್ಕಿಯನ್ನೂ ತಪ್ಪು ಮನೆಗೆ ಸೇರಿಸಿದ್ದ, ಮೈನಾಗಳ ಗ್ರಾಕುಲಾಕ್ಕೆ! ಈಗ ಅದು ಕಾಪ್ಸಿಕಸ್ ಸೌಲಾರಿಸ್, ನೊಣಹಿಡುಕಗಳ ಕುಟುಂಬ. ನನಗೆ ಇನ್ನೂ ಮೈ ಜುಮ್ಮೆನ್ನಿಸುವ ವಿಷಯ ಬೇರೆ. ನಿಮ್ಮ ಬಂಗುಡೆಗೆ ಗರಗಸ ಮೀನಿಗಿಂತ ಮಡಿವಾಳ ಹಕ್ಕಿಯೇ ಹತ್ತಿರದ ನೆಂಟ. ಬಂಗುಡೆ, ಹಕ್ಕಿ, ನಾವು ಎಲ್ಲ ಮೂಳೆಯವರು. ತೊರಕೆ, ಶಾರ್ಕು ಮೆಲುಮೂಳೆಯವು (ನಮ್ಮ ಕಿವಿಯಲ್ಲಿರುವಂಥ ಮೆತ್ತನೆ ಮೂಳೆ), ನಲವತ್ತು ಕೋಟಿ ವರ್ಷಕ್ಕೂ ಹಿಂದೆಯೇ ಕವಲೊಡೆದವು.
ಹಕ್ಕಿ ಕೆಂಪು ಪಟ್ಟಿಯಲ್ಲಿ 'ಕನಿಷ್ಠ ಕಾಳಜಿ'. ಅದು ಇಡೀ ಲೋಕದ ಲೆಕ್ಕ. ಸಿಂಗಪುರದಲ್ಲಿ ಹಾಡಿಗೋಸ್ಕರ ಹಿಡಿದು ಪಂಜರಕ್ಕೆ ಹಾಕಿ, 1970ರ ದಶಕದ ಹೊತ್ತಿಗೆ ಹೆಚ್ಚುಕಮ್ಮಿ ಖಾಲಿ ಮಾಡಿದ್ದರು.

ಗಂಗೊಳ್ಳಿ ಅಮ್ಮ:
ಕುರ್ಚಿ ಹತ್ತಿ ಎಣಿಸಿದೆವು. ಒಂದು ಬದಿ 17, ಇನ್ನೊಂದು ಬದಿ 18, ಬುಡದ ತನಕ. ಮಾವನನ್ನು ಕೇಳಿದರೆ, ಆವತ್ತು ಬಲೆ ಹರಿದು ಹೋಯಿತೆಂದು ಸಿಟ್ಟಲ್ಲಿ ಕಡಿದದ್ದು ಅಂದರು. ಆಮೇಲೆ ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಗೂಡಿಗೆ ಕಾಗೆ ಬರದ ಹಾಗೆ ಈಗ ಅವರೇ ಜಗಲಿಯಲ್ಲಿ ಕೂತಿದ್ದಾರೆ.